ಜೋಳದ ಋಣ

ದಾವಣಗೆರೆಯ ಮಂಡಿಪೇಟೆಗೆ ಬೆಳಗಾಗುವುದು ಲಾರಿಗಳ ಸದ್ದಿನೊಂದಿಗೆ. ಹಮಾಲರ ಬೆನ್ನಿನಿಂದ ಚೀಲಗಳು ಒಂದೊಂದಾಗಿ ಇಳಿಯುತ್ತವೆ. ಗುಮಾಸ್ತರು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಒಂದೆರಡನ್ನು ಹಲ್ಲಿಗೆ ಕೊಟ್ಟು ಕಡಿಯುತ್ತಾರೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಕಾಳು ಯಾವ ಸೀಮೆಯದೆಂದು ತಿಳಿಯಲು ಚೀಟಿ ಬೇಕಾಗುವುದಿಲ್ಲ.

ದಸರಾ ರಜೆಯ ಒಂದು ಬೆಳಿಗ್ಗೆ ಅಂಥ ಗುಮಾಸ್ತರೊಬ್ಬರ ಮಗಳು ನೋಟ್‌ಬುಕ್ಕು ಹಿಡಿದು ಅಂಗಡಿಗೆ ಬಂದಿದ್ದಳು. ಓದುತ್ತಿರುವುದು ಒಂಬತ್ತನೆಯ ತರಗತಿ. ಮನೆಯ ಅಡುಗೆಗೆ ಬಳಸುವ ಕಾಳುಕಡಿಗಳೆಲ್ಲ ಎಲ್ಲಿಂದ ಬರುತ್ತವೆಂದು ಪಟ್ಟಿ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು.

“ಅಪ್ಪಾಜಿ, ಈ ಜೋಳ ಎಲ್ಲೀದು?”

“ಜಗಳೂರು ಕಡೇದವ್ವಾ.”

“ಅದಕ್ಕೂ ಮುಂಚೆ?”

“ಮುಂಚೆ ಅಂದ್ರೆ? ಅವರ ಅಪ್ಪ, ಅಜ್ಜನ ಕಾಲದಿಂದ ಅಲ್ಲೇ ಬೆಳೀತಾರೆ.”

“ಅಜ್ಜಗೂ ಮುಂಚೆ?”

ಗುಮಾಸ್ತರು ನಕ್ಕುಬಿಟ್ಟರು. ಯಾವ ಚೀಲ ಯಾವ ಹೋಬಳಿಯದೆಂದು ಹೇಳಬಲ್ಲ ಅವರ ಬಳಿಯೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಇದೇನು ಅವರೊಬ್ಬರ ಮಾತಲ್ಲ. ದಿನವೂ ರೊಟ್ಟಿ ಉಣ್ಣುವ ನಮ್ಮಲ್ಲಿ ಎಷ್ಟು ಮಂದಿ ಈ ಪ್ರಶ್ನೆ ಕೇಳಿಕೊಂಡಿದ್ದೇವೆ? ಉತ್ತರ ಹುಡುಕಿ ಹೊರಟರೆ ಜಗಳೂರಿನ ಹೊಲದಿಂದ ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಖಂಡದವರೆಗೆ ಹೋಗಬೇಕಾಗುತ್ತದೆ.

ಮಡಕೆ ಚೂರಿನ ಸಾಕ್ಷಿ

ಸುಡಾನ್ ದೇಶದ ಪೂರ್ವಭಾಗದಲ್ಲಿ ಕಸ್ಸಾಲ ಎಂಬ ಪಟ್ಟಣವಿದೆ. ಅದರ ಸಮೀಪದ ಒಂದು ಹಳೆಯ ನೆಲೆಯಲ್ಲಿ ದೊರೆತ ಮಡಕೆ ಚೂರುಗಳನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರು. ಆ ಕಾಲದ ಕುಂಬಾರರು ಮಣ್ಣು ಬಿರಿಯದಿರಲೆಂದು ಅದಕ್ಕೆ ಹೊಟ್ಟು ಬೆರೆಸುತ್ತಿದ್ದರು. ಮಡಕೆ ಸುಟ್ಟಾಗ ಹೊಟ್ಟು ಉರಿದುಹೋಯಿತು, ಅದರ ಅಚ್ಚು ಮಾತ್ರ ಮಣ್ಣಿನಲ್ಲಿ ಉಳಿಯಿತು. ಆ ಅಚ್ಚು ಜೋಳದ್ದು. ಮಡಕೆಗಳ ಕಾಲ ಕ್ರಿಸ್ತಪೂರ್ವ 3500ರಿಂದ 3000. ಈ ಶೋಧ 2017ರಲ್ಲಿ ಪ್ರಕಟವಾಯಿತು.

ಅದು ಕಾಡು ಜೋಳವೋ, ಸಾಗುವಳಿಯ ಜೋಳವೋ? ಅದನ್ನು ತಿಳಿಯುವ ಉಪಾಯ ಸರಳವಾಗಿದೆ. ಕಾಡು ಹುಲ್ಲಿನ ಕಾಳು ಮಾಗಿದೊಡನೆ ತಾನೇ ಉದುರುತ್ತದೆ. ಉದುರಿದರೆ ತಾನೆ ಮರುವರ್ಷ ಮೊಳೆಯುವುದು! ಹೀಗೆ ಉದುರಿದ ಕಾಳಿನ ತೊಟ್ಟಿನ ಗುರುತು ನುಣುಪಾಗಿರುತ್ತದೆ. ಆದರೆ ಮನುಷ್ಯ ತೆನೆ ಕೊಯ್ದು ಮನೆಗೆ ತರುವಾಗ ಕೈಗೆ ಸಿಗುವುದು ಉದುರದೆ ನಿಂತ ಕಾಳುಗಳೇ. ಮರುವರ್ಷ ಬಿತ್ತುವುದೂ ಅವನ್ನೇ. ನೂರಾರು ತಲೆಮಾರು ಹೀಗೆ ನಡೆದ ಮೇಲೆ ತೆನೆಗೆ ಕಚ್ಚಿಕೊಂಡೇ ಇರುವ ಜೋಳ ತಯಾರಾಗುತ್ತದೆ. ಅದನ್ನು ಬಡಿದೇ ಬಿಡಿಸಬೇಕು. ಬಡಿದು ಬಿಡಿಸಿದ ತೊಟ್ಟು ಹರಿದಂತಿರುತ್ತದೆ. ಕಸ್ಸಾಲದ ಚೂರುಗಳಲ್ಲಿ ಎರಡು ಬಗೆಯ ಗುರುತುಗಳೂ ಇದ್ದವು. ಎಂದರೆ, ಕಾಡು ಹುಲ್ಲು ಬೆಳೆಯಾಗುತ್ತಿದ್ದ ಕಾಲದಲ್ಲಿಯೇ ಆ ಮಡಕೆಗಳು ಆವಿಗೆಗೆ ಬಿದ್ದಿದ್ದವು.

ಸಜ್ಜೆಯ ಕಥೆಯೂ ಇಂಥದೇ. ಸಹಾರಾ ಮರುಭೂಮಿಯ ದಕ್ಷಿಣದಂಚಿಗೆ, ಇಂದಿನ ಮಾಲಿ ದೇಶದಲ್ಲಿ, ಸುಮಾರು 4,500 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಸಾಗುವಳಿ ಸಜ್ಜೆಯ ಅಚ್ಚು ಸಿಕ್ಕಿದೆ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡುಗಳದು. ಅಲ್ಲಿನ ರೈತರು ಯಾವ ಗ್ರಂಥವನ್ನೂ ಬರೆದಿಡಲಿಲ್ಲ. ಅವರ ಇತಿಹಾಸವನ್ನು ಇಂಥ ಮಡಕೆ ಚೂರು, ಸುಟ್ಟ ಕಾಳುಗಳಿಂದಲೇ ಓದಿಕೊಳ್ಳಬೇಕು.

ಖಾನಾವಳಿಯ ತಟ್ಟೆ

ಮಧ್ಯಾಹ್ನ ಅಪ್ಪ ಮಗಳು ಪಿ.ಬಿ. ರಸ್ತೆಯ ಕಡೆಗೆ ನಡೆದು ಒಂದು ಖಾನಾವಳಿಯಲ್ಲಿ ಕುಳಿತರು. ದಾವಣಗೆರೆ ಎಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಮಂಡಕ್ಕಿ, ಮೆಣಸಿನಕಾಯಿ. ಊರಿನವರಿಗೆ ಹೊಟ್ಟೆ ತುಂಬಬೇಕಾದರೆ ರೊಟ್ಟಿಯೇ ಬೇಕು. ತಟ್ಟೆ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಅಲಸಂದೆ ಕಾಳಿನ ಪಲ್ಯ, ಹುಣಸೆ ಹಿಂಡಿದ ಸಾರು, ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಮೊಸರು, ಒಂದಿಷ್ಟು ಹಸಿ ಈರುಳ್ಳಿ. ಹುಡುಗಿ ರೊಟ್ಟಿ ಮುರಿಯುವ ಮೊದಲು ಪಟ್ಟಿ ಬರೆದುಕೊಂಡಳು.

ಆ ಪಟ್ಟಿಯನ್ನು ನಾವೂ ಒಮ್ಮೆ ನೋಡೋಣ. ಜೋಳ ಆಫ್ರಿಕಾದ್ದೆಂದು ಆಗಲೇ ಕಂಡೆವು. ಅಲಸಂದೆ ಪಶ್ಚಿಮ ಆಫ್ರಿಕಾದಿಂದ ಬಂದುದು. ಹುಣಸೆಯ ತವರು ಉಷ್ಣವಲಯದ ಆಫ್ರಿಕಾ. ಉತ್ತರದವರು ಗುರೆಳ್ಳು ಎಂದೂ ದಕ್ಷಿಣದವರು ಹುಚ್ಚೆಳ್ಳು ಎಂದೂ ಕರೆಯುವ ಕಪ್ಪು ಕಾಳು ಇಥಿಯೋಪಿಯದ್ದು. ಅಲ್ಲಿ ಇಂದಿಗೂ ಇದು ಮುಖ್ಯವಾದ ಎಣ್ಣೆಕಾಳು, ಅವರ ಭಾಷೆಯಲ್ಲಿ ನೂಗ್. ಮನೆಯಲ್ಲಿ ಅಜ್ಜಿ ಮಕ್ಕಳ ನೆತ್ತಿಗೆ ಒತ್ತುವ ಹರಳೆಣ್ಣೆಯ ಹರಳು ಗಿಡವೂ ಪೂರ್ವ ಆಫ್ರಿಕಾದ್ದೇ.

ತಟ್ಟೆಯಲ್ಲಿರುವುದೆಲ್ಲ ಆಫ್ರಿಕಾದ್ದೆಂದು ತಿಳಿಯಬಾರದು. ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ ಅಮೆರಿಕ ಖಂಡದಿಂದ ಬಂದವು. ಈಗ ದಾವಣಗೆರೆ ಜಿಲ್ಲೆಯ ಹೊಲಗಳನ್ನು ಆವರಿಸಿರುವ ಮೆಕ್ಕೆಜೋಳವೂ ಅಲ್ಲಿಯದೇ. ಹುರುಳಿ, ಹೆಸರು, ಉದ್ದು, ತೊಗರಿ ನಮ್ಮ ನೆಲದವು. ಬದನೆ ಏಷ್ಯಾದ್ದು. ಆದರೂ ತಟ್ಟೆಯ ನಡುವೆ ಕುಳಿತಿರುವುದು ಆಫ್ರಿಕಾವೇ. ಉಳಿದವೆಲ್ಲ ಅದರ ಸುತ್ತಲಿನ ನೆಂಟರು.

ಬಯಲುಸೀಮೆಗೆ ಜೋಳ ಇಷ್ಟು ಒಗ್ಗಲು ಕಾರಣವಿದೆ. ಮಳೆ ಕೈಕೊಟ್ಟಾಗ ಜೋಳದ ಗರಿ ಸುರುಳಿ ಸುತ್ತಿಕೊಂಡು ನೀರನ್ನು ಉಳಿಸಿಕೊಳ್ಳುತ್ತದೆ. ಎಲೆಯ ಮೇಲೆ ಮೇಣದ ಲೇಪವಿರುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ದುಡಿಯುವ ದ್ಯುತಿಸಂಶ್ಲೇಷಣೆಯ ಕ್ರಮವೊಂದು ಜೋಳ, ಸಜ್ಜೆ, ರಾಗಿಗಳಲ್ಲಿದೆ. ಬರದಲ್ಲಿ ಬಾಡಿದ ಎಳೆಯ ಜೋಳದ ಪೈರಿಗೆ ದನ ಬಿಡಬಾರದೆಂದು ಹಳ್ಳಿಯ ಹಿರಿಯರು ಎಚ್ಚರಿಸುವುದುಂಟು. ಆಗ ಎಲೆಯಲ್ಲಿರುವ ಧುರಿನ್ ಎಂಬ ವಸ್ತುವಿನಿಂದ ಸಯನೈಡ್ ವಿಷ ಹುಟ್ಟುತ್ತದೆ. ಆಫ್ರಿಕಾದ ಬಯಲಿನಲ್ಲಿ ಮೇಯುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಕಲಿತ ವಿದ್ಯೆಯನ್ನು ಜೋಳ ಜಗಳೂರಿನಲ್ಲೂ ಮರೆತಿಲ್ಲ. ರಾಗಿಯಂತೂ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿದು ಎಷ್ಟೋ ಬರಗಾಲಗಳಲ್ಲಿ ಜೀವ ಉಳಿಸಿದೆ.

ಹೆಸರಿನ ಮರೆಯಲ್ಲಿ

ಇಷ್ಟೆಲ್ಲ ಕೊಟ್ಟ ಖಂಡದ ಹೆಸರು ನಮ್ಮ ನಾಲಗೆಗೆ ಬರುವುದೇ ಇಲ್ಲವಲ್ಲ, ಏಕೆ? ಗಿಡಗಳಿಗೆ ಬಿದ್ದ ಹೆಸರುಗಳನ್ನು ನೋಡಿದರೆ ಒಂದು ಕಾರಣ ಹೊಳೆಯುತ್ತದೆ.

ಅರಬ್ಬರು ಹುಣಸೆಯನ್ನು ‘ತಮರ್ ಹಿಂದ್’ ಎಂದರು, ಎಂದರೆ ಹಿಂದೂಸ್ಥಾನದ ಖರ್ಜೂರ. ಅದರಿಂದಲೇ ಇಂಗ್ಲಿಷಿನ ಟ್ಯಾಮರಿಂಡ್ ಬಂತು. ವಿಜ್ಞಾನಿಗಳು ಅದಕ್ಕೆ ‘ಇಂಡಿಕ’ ಎಂಬ ಬಾಲವನ್ನೂ ಸೇರಿಸಿದರು. ತವರು ಆಫ್ರಿಕಾ, ಹೆಸರಿನಲ್ಲಿ ಎರಡು ಸಲ ಭಾರತ! ಇಥಿಯೋಪಿಯದ ಕಾಡಿನ ಕಾಫಿ ಯೆಮೆನ್ ದೇಶದ ಬಂದರಿನಿಂದ ಲೋಕಕ್ಕೆ ಹೋದುದರಿಂದ ಅದು ‘ಅರೇಬಿಕ’ ಆಯಿತು. ಬಾಬಾ ಬುಡನ್ ಯೆಮೆನ್‌ನಿಂದ ತಂದ ಬೀಜಗಳು ಚಿಕ್ಕಮಗಳೂರಿನ ಗಿರಿಯಲ್ಲಿ ಮೊಳೆತವೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕೂ ಮುಂಚೆ ಆ ಬೀಜ ಎಲ್ಲಿತ್ತೆಂದು ಕೇಳಿದವರು ಕಡಿಮೆ. ರಾಗಿಯ ಶಾಸ್ತ್ರೀಯ ಹೆಸರಿನಲ್ಲಿರುವ ‘ಕೊರಕಾನ’ ಸಿಂಹಳ ಭಾಷೆಯ ಕುರಕ್ಕನ್ ಎಂಬುದರಿಂದ ಬಂದುದು. ತವರನ್ನು ಹೆಸರಿನಲ್ಲಿ ಉಳಿಸಿಕೊಂಡ ಭಾಗ್ಯ ಗುರೆಳ್ಳಿಗೆ ಸಿಕ್ಕಿದೆ. ಅದರ ಶಾಸ್ತ್ರೀಯ ನಾಮದ ಕೊನೆಗೆ ‘ಅಬಿಸಿನಿಕ’ ಎಂದಿದೆ. ಅಬಿಸೀನಿಯ ಎಂದರೆ ಇಥಿಯೋಪಿಯದ ಹಳೆಯ ಹೆಸರು. ಆ ಗುರೆಳ್ಳನ್ನು ನಾವು ಹುಚ್ಚು ಎಳ್ಳು ಎಂದು ಕರೆದುಬಿಟ್ಟೆವು!

ಬೆಳೆದವರಿಗಿಂತ ಸಾಗಿಸಿದವರ ಹೆಸರು ಉಳಿಯುವುದು ಮಂಡಿಪೇಟೆಯವರಿಗೆ ಹೊಸದಲ್ಲ. ಚೀಲದ ಮೇಲೆ ಅಚ್ಚಾಗುವುದು ಅಂಗಡಿಯ ಹೆಸರು, ರೈತನದಲ್ಲ.

ತುಂಗಭದ್ರೆಯ ದಂಡೆಯಲ್ಲಿ

ಊಟ ಮುಗಿಸಿದ ಮೇಲೆ ಅಪ್ಪ ಮಗಳು ಹರಿಹರದ ಬಸ್ಸು ಹತ್ತಿದರು. ಹದಿನಾಲ್ಕು ಕಿಲೋಮೀಟರಿನ ದಾರಿ. ಹರಿಹರೇಶ್ವರನ ದರ್ಶನ ಮಾಡಿಸಿಕೊಂಡು ಬರುವುದಾಗಿ ಮನೆಯಲ್ಲಿ ಹೇಳಿ ಬಂದಿದ್ದರು.

ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಬಳಪದ ಕಲ್ಲಿನ ನುಣುಪು ಕಂಬಗಳ ನಡುವೆ ಒಳಗೆ ಹೋದರೆ ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರೆಂಬುದು ಸ್ಥಳಪುರಾಣ. ಆವರಣದಲ್ಲಿ ಆಳೆತ್ತರದ ಶಾಸನಗಳು ನಿಂತಿವೆ. ಭೂಮಿ ಬಿಟ್ಟವರು, ದತ್ತಿ ಕೊಟ್ಟವರು, ಆಳಿದವರು, ಎಲ್ಲರ ಹೆಸರೂ ಕಲ್ಲಿನಲ್ಲಿದೆ.

ಆ ಕಾಲದ ಕನ್ನಡದಲ್ಲಿ ಒಂದು ಮಾತಿತ್ತು: ‘ಜೋಳದ ಪಾಳಿ’. ಜೋಳವಾಳಿ ಎಂದೂ ಹೇಳುತ್ತಿದ್ದರು. ಯಾರ ಜೋಳವನ್ನು ಉಂಡೆವೋ ಅವರ ಋಣವನ್ನು ತೀರಿಸಬೇಕೆಂಬ ಧರ್ಮ ಅದು. ಒಡೆಯನ ಜೋಳ ಉಂಡ ವೀರ ರಣರಂಗದಲ್ಲಿ ಪ್ರಾಣ ಕೊಟ್ಟು ಅದನ್ನು ತೀರಿಸುತ್ತಿದ್ದ. ಹಳಗನ್ನಡ ಕಾವ್ಯಗಳಲ್ಲಿ, ಶಾಸನಗಳಲ್ಲಿ ಈ ಮಾತು ಬರುತ್ತದೆ. ಅನ್ನದ ಋಣ ಎಂದು ನಾವು ಈಗ ಹೇಳುವುದನ್ನು ನಮ್ಮ ಹಿರಿಯರು ಜೋಳದ ಹೆಸರಿನಲ್ಲಿಯೇ ಹೇಳಿದರು. ಜೋಳ ಕೊಟ್ಟ ಒಡೆಯನ ಋಣ ನೆನೆದರು ಸರಿ. ಆ ಜೋಳವನ್ನೇ ಕೊಟ್ಟವರ ಋಣ?

ದೇವಾಲಯದಿಂದ ಹೊರಬಂದು ನದಿಯ ಕಡೆ ನಡೆದರೆ ತುಂಗಭದ್ರೆ. ಇಲ್ಲಿಂದ ಹೊಳೆಯ ಮೇಲ್ಮುಖವಾಗಿ ಹೋದರೆ ಎಡದಂಡೆಯಲ್ಲಿ, ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು ಎಂಬ ಊರಿದೆ. ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಕಲ್ಲಿನ ಕೊಡಲಿಯ ಕಾಲದಿಂದ ಕಬ್ಬಿಣದ ಕಾಲದವರೆಗೆ ಜನ ಅಲ್ಲಿ ಬಾಳಿದ್ದರು. 1971ರಲ್ಲಿ ಹೊರಬಂದ ವರದಿಯಲ್ಲಿ ಸಸ್ಯವಿಜ್ಞಾನಿ ವಿಷ್ಣು ಮಿತ್ರೆ ಅವರು ಅಲ್ಲಿನ ಸುಟ್ಟ ಕಾಳುಗಳಲ್ಲಿ ರಾಗಿಯನ್ನು ಗುರುತಿಸಿದ್ದರು. ತುಂಗಭದ್ರೆಯ ದಂಡೆಯಲ್ಲಿ ಅಷ್ಟು ಪ್ರಾಚೀನ ಕಾಲದಲ್ಲಿ ರಾಗಿ! ಬಹಳ ವರ್ಷ ಇದೇ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು.

ಮುಂದೆ ಲಂಡನ್ ವಿಶ್ವವಿದ್ಯಾಲಯದ ಡೋರಿಯನ್ ಫುಲ್ಲರ್ ಮೊದಲಾದವರು ದಕ್ಷಿಣ ಭಾರತದ ಹಳೆಯ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಪರೀಕ್ಷಿಸಿದರು. ಮೊದಲು ರಾಗಿ ಎಂದುಕೊಂಡಿದ್ದ ಎಷ್ಟೋ ಕಾಳುಗಳು ನಮ್ಮ ನೆಲದ ಸಣ್ಣ ಕಿರುಧಾನ್ಯಗಳಿರಬಹುದೆಂಬ ಸಂದೇಹ ಬಲವಾಯಿತು. ಆದರೆ ಹಳ್ಳೂರಿನಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಷ್ಟು ಹಿಂದೆಯೇ ಸಜ್ಜೆ ಮತ್ತು ಅವರೆ ಇದ್ದುದು ಕಂಡುಬಂತು. ಅವರೆಯ ಕಾಡು ಬಂಧುಗಳೂ ಆಫ್ರಿಕಾದವೇ. ಒಂದು ಕಾಳಿನ ಗುರುತು ತಪ್ಪಿರಬಹುದು, ಆಫ್ರಿಕಾದ ನಂಟು ಮಾತ್ರ ಸುಳ್ಳಾಗಲಿಲ್ಲ. ಹಿಂದಿನವರು ಬರೆದುದನ್ನು ಮತ್ತೆ ತೂಗಿ ನೋಡುವುದೇ ವಿಜ್ಞಾನದ ದಾರಿ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಈ ಕೊಡುಕೊಳ್ಳುವಿಕೆ ಒಂದೇ ಕಡೆಯದಾಗಿರಲಿಲ್ಲ. ನಮ್ಮ ನಾಡಿನ ಎಳ್ಳು ಪಶ್ಚಿಮಕ್ಕೆ ಪಯಣಿಸಿ ಆಫ್ರಿಕಾವನ್ನೂ ಸೇರಿತು. ಇಂದು ಸುಡಾನ್ ಎಳ್ಳಿಗೆ ಹೆಸರಾದ ದೇಶ. ನಮ್ಮ ಹಿಣಿಲಿನ ದನಗಳ ತಳಿಯೂ ಅಲ್ಲಿಗೆ ಹೋಯಿತು. ರಾಜರ ದಂಡಯಾತ್ರೆಗಳಿಗೂ ಮುಂಚೆ, ಕರಾವಳಿಯ ಸಣ್ಣ ದೋಣಿಗಳಲ್ಲಿ, ಹೆಸರಿಲ್ಲದ ಜನ ಈ ವಿನಿಮಯ ನಡೆಸಿದ್ದರು.

ನದಿಯ ಮೆಟ್ಟಿಲ ಮೇಲೆ ಕುಳಿತಿದ್ದ ಹುಡುಗಿ ಹೊಳೆಯನ್ನೇ ನೋಡುತ್ತಿದ್ದಳು.

“ಅಪ್ಪಾಜಿ, ನಮ್ಮ ಕ್ಲಾಸಿನಾಗೆ ಒಬ್ಬ ಹುಡುಗ ಅದಾನೆ. ಕಪ್ಪಗದಾನೆ ಅಂತ ಎಲ್ಲಾರೂ ಅವನಿಗೆ ಆಫ್ರಿಕಾ, ಆಫ್ರಿಕಾ ಅಂತಾರೆ.”

“ನೀನೂ ಅಂತೀಯೇನವ್ವಾ?”

“ಅಂದಿಲ್ಲ. ನಗ್ತಿದ್ದೆ.”

ಗುಮಾಸ್ತರು ಮಗಳನ್ನು ಗದರಲಿಲ್ಲ. ಅವರಿಗೂ ಏನೋ ನೆನಪಾಗಿತ್ತು. ತಮ್ಮ ಅಂಗಡಿಯಲ್ಲಿ ಹತ್ತು ವರ್ಷದಿಂದ ಚೀಲ ಇಳಿಸುವ ಹಮಾಲನೊಬ್ಬನನ್ನು ಎಲ್ಲರೂ ‘ಕರಿಯಾ’ ಎಂದೇ ಕೂಗುವರು. ಅವರೂ ಹಾಗೆಯೇ ಕೂಗುತ್ತ ಬಂದಿದ್ದರು. ಅವನ ನಿಜವಾದ ಹೆಸರೇನು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೇಳಿದ್ದರೆ ತಾನೆ ಹೊಳೆಯುವುದು!

ಸೇತುವೆಯ ಆಚೆಗೆ

ಹರಿಹರದ ಹಳೆಯ ಸೇತುವೆ 1868ರದು. ಹೊಳೆ ದಾಟಿದ ಹೆದ್ದಾರಿ ರಾಣೆಬೆನ್ನೂರು, ಹಾವೇರಿ ಹಾದು ಹುಬ್ಬಳ್ಳಿಗೆ ಹೋಗುತ್ತದೆ. ಆಫ್ರಿಕಾದ ಗುರುತುಗಳನ್ನು ನೋಡಬೇಕೆನ್ನುವ ಮಕ್ಕಳನ್ನು ತಂದೆತಾಯಿಗಳು ಇದೇ ದಾರಿಯಲ್ಲಿ ಕರೆದೊಯ್ಯಬಹುದು.

ಹಾವೇರಿಯಿಂದ ಒಳದಾರಿ ಹಿಡಿದರೆ ಸವಣೂರು. ಅಲ್ಲಿನ ಮಠವೊಂದರ ಆವರಣದಲ್ಲಿರುವ ಭಾರಿ ಮರಗಳನ್ನು ಜನ ‘ದೊಡ್ಡ ಹುಣಸೆ’ ಎನ್ನುತ್ತಾರೆ. ಮಠಕ್ಕೂ ಅದೇ ಹೆಸರು. ಅವು ಹುಣಸೆಯಲ್ಲ, ಆಫ್ರಿಕಾದ ಬಯೊಬಾಬ್. ಆನೆಯ ಚರ್ಮದಂಥ ತೊಗಟೆ, ಕೈಗೆ ಕೈ ಜೋಡಿಸಿ ಹಲವರು ನಿಂತರೂ ತಬ್ಬಲಾಗದ ಕಾಂಡ. ಕಾಂಡದ ಮೆದು ತಿರುಳಿನಲ್ಲಿ ನೀರು ತುಂಬಿಕೊಂಡು ಬೇಸಿಗೆ ಕಳೆಯುವುದು ಈ ಮರದ ಜಾಣತನ. ಕಾಯಿಯೊಳಗಿನ ಹುಳಿ ತಿರುಳನ್ನು ರುಚಿ ನೋಡಿದವರು ಅದಕ್ಕೆ ಹುಣಸೆ ಎಂದು ಹೆಸರಿಟ್ಟಿರಬೇಕು. ಆಫ್ರಿಕಾದ ಮರಕ್ಕೆ ಆಫ್ರಿಕಾದ್ದೇ ಇನ್ನೊಂದು ಮರದ ಹೆಸರು ಬಿದ್ದಿತು, ಎರಡೂ ಪರದೇಶದವೆಂದು ಯಾರಿಗೂ ಅನ್ನಿಸದೆ! ಇದ್ದ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡ ಸಹಿತ ಉರುಳಿತು. ಊರಿನವರು ಅದನ್ನು ಕಡಿದು ಸಾಗಿಸದೆ ಮತ್ತೆ ನಿಲ್ಲಿಸುವ ಪ್ರಯತ್ನಕ್ಕೆ ಕೈಹಾಕಿದರು. ಶತಮಾನಗಳಿಂದ ನೆರಳು ಕೊಟ್ಟ ಅತಿಥಿಗೆ ಊರು ತೋರಿದ ಕೃತಜ್ಞತೆ ಅದು.

ಬೀಜಗಳ ಹಾಗೆ ಮನುಷ್ಯರೂ ಬಂದರು. ಬಂದವರಲ್ಲಿ ಬಹಳ ಮಂದಿ ಇಷ್ಟಪಟ್ಟು ಬಂದವರಲ್ಲ. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಚಾಪು ಎಂಬ ಬಾಲಕ ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ. ಒಬ್ಬ ಯಜಮಾನ ಅವನಿಗೆ ವಿದ್ಯೆ ಕಲಿಸಿ ಅಂಬರ್ ಎಂದು ಹೆಸರಿಟ್ಟ. ದಖ್ಖನಿಗೆ ಬಂದ ಆತನನ್ನು ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ಆತನೂ ಆಫ್ರಿಕಾ ಮೂಲದವನೇ. ಯಜಮಾನ ತೀರಿಕೊಂಡ ಮೇಲೆ ಬಿಡುಗಡೆ ಪಡೆದ ಅಂಬರ್ ಕೆಲಕಾಲ ಬಿಜಾಪುರದ ಸೇವೆಯಲ್ಲಿದ್ದ. ತನ್ನದೇ ದಂಡು ಕಟ್ಟಿದ. 1600ರ ನಂತರ ಅಹಮದ್‌ನಗರ ರಾಜ್ಯದ ಆಡಳಿತವನ್ನೇ ನಡೆಸಿದ ಮಲಿಕ್ ಅಂಬರ್ ಈತನೇ. 1610ರಲ್ಲಿ ಈತ ಕಟ್ಟಿದ ಖಡ್ಕಿ ಮುಂದೆ ಔರಂಗಾಬಾದ್ ಎನಿಸಿತು. ಬೆಟ್ಟದ ತಪ್ಪಲಿನ ನೀರನ್ನು ನೆಲದೊಳಗಿನ ಕಾಲುವೆ, ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ತಂದ ‘ನೆಹರ್’ ವ್ಯವಸ್ಥೆ ಅವನ ಬುದ್ಧಿವಂತಿಕೆಗೆ ಸಾಕ್ಷಿ.

ಮೊಗಲ್ ಬಾದಶಹ ಜಹಾಂಗೀರ್‌ಗೆ ಈತನನ್ನು ಕಂಡರೆ ಎಷ್ಟು ಸಿಟ್ಟೆಂದರೆ, ಕಡಿದ ಅಂಬರನ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ. ಆ ಚಿತ್ರ ಈಗಲೂ ಐರ್ಲೆಂಡಿನ ಡಬ್ಲಿನ್ ನಗರದ ಸಂಗ್ರಹಾಲಯದಲ್ಲಿದೆ. ಆದರೆ ಅಂಬರ್ ಮೊಗಲರ ಕೈಯಲ್ಲಿ ಸಾಯಲಿಲ್ಲ. 1626ರಲ್ಲಿ ತೀರಿಕೊಂಡ ಅವನ ಗೋರಿ ಖುಲ್ದಾಬಾದಿನಲ್ಲಿದೆ.

ನಮ್ಮ ಬಿಜಾಪುರದಲ್ಲಿಯೂ ಇಂಥ ಒಬ್ಬನಿದ್ದ. ಮಲಿಕ್ ರೈಹಾನ್ ಎಂಬ ಹಬಶಿ ಸರದಾರ ಇಖ್ಲಾಸ್ ಖಾನ್ ಎಂಬ ಬಿರುದು ಪಡೆದು ಮುಹಮ್ಮದ್ ಆದಿಲ್‌ಶಾಹನ ಮುಖ್ಯಮಂತ್ರಿಯಾದ. ಹಬಶಿ ಎಂದರೆ ಅಬಿಸೀನಿಯದವನು. ಸುಮಾರು 1645ರ ಒಂದು ವರ್ಣಚಿತ್ರದಲ್ಲಿ ಸುಲ್ತಾನ ಆನೆಯ ಮೇಲಿದ್ದಾನೆ, ಅದೇ ಆನೆಯ ಮೇಲೆ ಅವನ ಹಿಂದೆ ಕಪ್ಪು ಮುಖದ, ಗಂಭೀರ ನಿಲುವಿನ ಇಖ್ಲಾಸ್ ಖಾನ್. ಬಣ್ಣವನ್ನು ಚಿತ್ರಕಾರರು ಮರೆಮಾಡಲಿಲ್ಲ, ಅಧಿಕಾರವನ್ನೂ ಮರೆಮಾಡಲಿಲ್ಲ. ಗೋಳಗುಮ್ಮಟ ನೋಡಲು ಪ್ರವಾಸ ಹೋಗುವ ಶಾಲಾ ಮಕ್ಕಳಿಗೆ ಆ ಸುಲ್ತಾನನ ಹೆಸರು ಬಾಯಿಪಾಠವಾಗಿರುತ್ತದೆ. ಅವನ ರಾಜ್ಯಭಾರ ಹೊತ್ತವನ ಹೆಸರು ಕೇಳಿದವರು ವಿರಳ.

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಘಟ್ಟದ ಕಡೆ ಹ���ದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನ ನಡುವೆ ಸಿದ್ದಿಯರ ಹಳ್ಳಿಗಳಿವೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಇವರ ಪೂರ್ವಜರಲ್ಲಿ ಅನೇಕರು. ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಆಡುವ ಮಾತು ಕನ್ನಡ, ಕೊಂಕಣಿ, ಮರಾಠಿ, ಉರ್ದು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಮೊದಲ ಬಾರಿಗೆ ಈ ಸಮುದಾಯದವರೊಬ್ಬರು ರಾಜ್ಯದ ಶಾಸಕಾಂಗದಲ್ಲಿ ಕುಳಿತರು.

ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ಈಗ ಬೇರೆ ದೇಶಗಳ ಪ್ರದರ್ಶನಗಳಲ್ಲೂ ಹೆಸರು ಮಾಡಿದೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಇಡದೆ ಕೌದಿ ಮುಗಿಯುವುದಿಲ್ಲ. ದಾವಣಗೆರೆಯ ಮನೆಗಳಲ್ಲೂ ಅಜ್ಜಿಯರು ಹೊಲಿದ ಕೌದಿ ಇರುತ್ತದೆ. ಎರಡನ್ನೂ ಪಕ್ಕದಲ್ಲಿ ಹರಡಿದರೆ ಎಲ್ಲಿ ಸೇರುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಮಕ್ಕಳೇ ಕಂಡುಹಿಡಿಯಬಲ್ಲರು.

ಪಟ್ಟಿಯ ಕೊನೆಯ ಸಾಲು

ಸಂಜೆಯ ಬಸ್ಸಿನಲ್ಲಿ ಅಪ್ಪ ಮಗಳು ದಾವಣಗೆರೆಗೆ ಮರಳಿದರು. ರಾತ್ರಿ ಹುಡುಗಿ ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದು ಮೂರು ಅಂಕಣ ಮಾಡಿದಳು. ‘ಈಗ’, ‘ಮುಂಚೆ’, ‘ಅದಕ್ಕೂ ಮುಂಚೆ’. ಅಮ್ಮನ ಡಬ್ಬಿಗಳಿಂದ ಚಿಟಿಕೆ ಚಿಟಿಕೆ ಕಾಳು ತೆಗೆದು, ಸಣ್ಣ ಪೊಟ್ಟಣ ಕಟ್ಟಿ ಅಂಟಿಸಿದಳು. ಜೋಳ, ಸಜ್ಜೆ, ರಾಗಿ, ಅಲಸಂದೆ, ಅವರೆ, ಗುರೆಳ್ಳು, ಹುಣಸೆ ಬೀಜ, ಹರಳು. ಕೊನೆಯ ಅಂಕಣದಲ್ಲಿ ಎಂಟು ಸಲ ಒಂದೇ ಪದ ಬರೆಯಬೇಕಾಯಿತು: ಆಫ್ರಿಕಾ. ತರಗತಿಯಲ್ಲಿ ಒಬ್ಬನನ್ನು ಕಾಡಲು ಬಳಸುತ್ತಿದ್ದ ಪದ ಅದೇ. ರಜೆ ಮುಗಿದು ಈ ಹಾಳೆ ಗೋಡೆಗೇರಿದಾಗ ಆ ಹುಡುಗನಿಗೆ ಏನು ಹೇಳಬೇಕೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಪಟ್ಟಿಯನ್ನು ಅವನಿಗೇ ಮೊದಲು ತೋರಿಸಬೇಕೆಂದು ಮಾತ್ರ ನಿಶ್ಚಯಿಸಿದ್ದಳು.

ಮರುದಿನ ಬೆಳಿಗ್ಗೆ ಮಂಡಿಪೇಟೆಯಲ್ಲಿ ಎಂದಿನಂತೆ ಲಾರಿ ಬಂದು ನಿಂತಿತು. ಹಮಾಲ ಮೊದಲನೆಯ ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ. ಗುಮಾಸ್ತರು ಚೀಲದ ಬಾಯಿ ಬಿಚ್ಚುವ ಮೊದಲು ಅವನ ಹತ್ತಿರ ಹೋದರು.

“ಇಷ್ಟು ವರ್ಷ ಆತು, ನಾನು ಕೇಳೇ ಇಲ್ಲ ನೋಡು. ನಿನ್ನ ಹೆಸರೇನಪ್ಪಾ?”